ಗರಿಕೆ ಹಬ್ಬುವುದು ಹೇಗೆ, ಸೋಲುವುದು ಎಲ್ಲಿ

ಮನೆ ಹತ್ತಿರ ಎಲ್ಲಾದರೂ ಗರಿಕೆ ಇದ್ದರೆ ಒಂದು ಬಳ್ಳಿಯನ್ನು ನಿಧಾನಕ್ಕೆ ಎಳೆದು ನೋಡಿ. ರಸ್ತೆ ಬದಿ, ಕಾಂಪೌಂಡಿನ ಬುಡ, ಆಟದ ಮೈದಾನದ ಅಂಚು, ಎಲ್ಲಿ ಬೇಕಾದರೂ ಸಿಗುತ್ತದೆ. ಎಳೆದರೆ ಅದು ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ಟಕ್ ಟಕ್ ಅಂತ ಒಂದೊಂದೇ ಕಡೆ ನೆಲ ಬಿಟ್ಟುಕೊಂಡು ಬರುತ್ತದೆ. ಹಾಗೆ ಹಿಡಿದುಕೊಂಡಿದ್ದ ಒಂದೊಂದು ಜಾಗವೂ ಒಂದೊಂದು ಗೆಣ್ಣು. ಗೆಣ್ಣಿನ ಕೆಳಗೆ ಬಿಳಿ ಬೇರು. ಮೇಲೆ ಎರಡೋ ಮೂರೋ ಎಲೆ. ಎಲೆಯ ಬುಡ ಬಿಡಿಸಿ ನೋಡಿದರೆ, ತೀರಾ ಚಿಕ್ಕದೊಂದು ಮೊಗ್ಗು.

ಹುಲ್ಲಿನ ಜಾತಿಯಲ್ಲಿ ಸಾಮಾನ್ಯವಾಗಿ ಒಂದು ಗೆಣ್ಣಿಗೆ ಒಂದೇ ಎಲೆ. ಗರಿಕೆಯ ಹಬ್ಬುವ ಬಳ್ಳಿಯಲ್ಲಿ ಮಾತ್ರ ಎಲೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ. ಅಲ್ಲಿ ಎರಡು ಮೂರು ಗೆಣ್ಣುಗಳು ಅಂತರವೇ ಇಲ್ಲದ ಹಾಗೆ ಒತ್ತಿಕೊಂಡು ಕೂತಿರುವುದೇ ಅದಕ್ಕೆ ಕಾರಣ. ನಾವು ಒಂದು ಗೆಣ್ಣು ಅಂದುಕೊಂಡ ಜಾಗದಲ್ಲಿ ಎರಡು ಮೂರು ಮೊಗ್ಗು ಇರುತ್ತವೆ. ಒಂದು ಮೇಲಕ್ಕೆ ಚಿಗುರಬಹುದು, ಇನ್ನೊಂದು ಪಕ್ಕಕ್ಕೆ ಬಳ್ಳಿಯಾಗಿ ಓಡಬಹುದು, ಮತ್ತೊಂದು ಸುಮ್ನೆ ಕಾದು ಕೂರಬಹುದು. ಮೇಲಿನ ಚಿಗುರನ್ನು ಹಸು ಕಚ್ಚಿಕೊಂಡು ಹೋದರೆ ಕಾದು ಕೂತಿದ್ದು ಏಳುತ್ತದೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿಯೇ ಗಮನಿಸಿದ್ದರು. ಪೂಜೆಯಲ್ಲಿ ದೂರ್ವೆಯನ್ನು ಕುರಿತು ಹೇಳುವ ವೇದಮಂತ್ರ ಈ ಹುಲ್ಲನ್ನು ಗೆಣ್ಣು ಗೆಣ್ಣಿನಿಂದಲೂ ಚಿಗುರುವವಳು ಎಂದು ಕರೆಯುತ್ತದೆ. ಹಾಗೆಯೇ ನಮ್ಮನ್ನೂ ನೂರಾಗಿ ಸಾವಿರವಾಗಿ ಬೆಳೆಸು ಎಂದು ಬೇಡುತ್ತದೆ. ಗಣಪನಿಗೆ 21 ಗರಿಕೆ ಆರಿಸುವಾಗ ಈ ಮಂತ್ರ ನೆನಪಿದ್ದರೆ ಕೈಯಲ್ಲಿರುವ ಕುಡಿ ಬೇರೆಯೇ ಥರ ಕಾಣುತ್ತದೆ. ಭಕ್ತಿಯ ಮಾತಿನಲ್ಲಿ ಇಷ್ಟು ಖಚಿತವಾದ ಸಸ್ಯಶಾಸ್ತ್ರ ಸಿಗುವುದು ಅಪರೂಪ.

ಒಂದೇ ಹುಲ್ಲು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಹಾಸುತ್ತಾರೆ, ಧಾರವಾಡದ ಎರೆಹೊಲದಲ್ಲಿ ಕೂಲಿ ಕೊಟ್ಟು ಅಗೆಸುತ್ತಾರೆ. ಗಾಲ್ಫ್ ಮೈದಾನಕ್ಕೂ ಅದೇ, ಕೆರೆ ಏರಿಗೂ ಅದೇ, ಕುರಿ ಹಿಂಡಿಗೂ ಅದೇ. ಈ ಎಲ್ಲ ಪಾತ್ರಗಳಿಗೂ ಹಿಂದೆ ಇರುವುದು ಎರಡೇ ಸಂಗತಿ. ಒಂದು, ಅದು ಬಿಸಿಲನ್ನು ಬಳಸುವ ರೀತಿ. ಇನ್ನೊಂದು, ನೆಲದೊಳಗೆ ಅದು ಕೂಡಿಡುವ ಆಹಾರ. ಇವೆರಡು ಗೊತ್ತಾದರೆ ಗರಿಕೆಯನ್ನು ಬೆಳೆಸುವುದೂ ತಿಳಿಯುತ್ತದೆ, ತೆಗೆಯುವುದೂ ತಿಳಿಯುತ್ತದೆ.

ನೆಲದ ಮೇಲೊಂದು, ನೆಲದೊಳಗೊಂದು

ಗರಿಕೆಗೆ ಎರಡು ಬಗೆಯ ಹಬ್ಬುವ ಕಾಂಡಗಳಿವೆ. ನೆಲದ ಮೇಲೆ ಓಡುವ ಬಳ್ಳಿ ನಮಗೆ ಕಾಣುತ್ತದೆ. ಜಾಗ ಸಿಕ್ಕರೆ ಮೀಟರಿಗಿಂತ ಉದ್ದ ಹೋಗುತ್ತದೆ. ನೆಲದೊಳಗೆ ಓಡುವುದು ಬೇರೆ. ಅದು ಬಿಳಿ ಅಥವಾ ತುಸು ಹಳದಿ ಬಣ್ಣದ್ದು, ದಪ್ಪ, ಮೈಮೇಲೆ ಒಣಗಿದ ಪೊರೆಯಂಥ ಎಲೆಗಳು, ತುದಿ ಮೊಳೆಯ ಹಾಗೆ ಚೂಪು. ನಾವು ಅದನ್ನು ಬೇರು ಅಂತಲೇ ಕರೆಯುತ್ತೇವೆ. ನಿಜಕ್ಕೂ ಅದು ಕಾಂಡ. ಬೇರಿಗೆ ಗೆಣ್ಣು ಇರುವುದಿಲ್ಲ, ಇದಕ್ಕಿದೆ. ಶುಂಠಿ, ಅರಿಶಿನದ ಕೊಂಬೂ ಹೀಗೇ ನೆಲದೊಳಗಿನ ಕಾಂಡ.

ಇವೆರಡೂ ಬೇರೆ ಬೇರೆ ಅಂಗ ಅನ್ನಿಸಿದರೂ ಒಂದು ಇನ್ನೊಂದಾಗಬಲ್ಲದು. ನೆಲದೊಳಗಿನ ತುದಿ ಬೆಳಕಿಗೆ ಬಂದರೆ ಹಸಿರಾಗಿ ಮೇಲಿನ ಬಳ್ಳಿಯಂತೆ ಓಡುತ್ತದೆ. ಮೇಲಿನ ಬಳ್ಳಿಯ ಮೇಲೆ ಮಣ್ಣು ಬಿದ್ದರೆ ಬಿಳಿಚಿಕೊಂಡು ಒಳಗಿನ ಕಾಂಡವಾಗುತ್ತದೆ. ಮಳೆಗೆ ಮಣ್ಣು ಕೊಚ್ಚಿ ಬಂದು ಮುಚ್ಚಿದರೂ ಗರಿಕೆ ಸಾಯದೆ ಇರುವುದು ಇದರಿಂದಲೇ. ಹೊಳೆ ದಂಡೆಯಲ್ಲಿ, ಹಳ್ಳದ ಇಳಿಜಾರಿನಲ್ಲಿ, ಕೆರೆ ಏರಿಯಲ್ಲಿ ಅದು ಗಟ್ಟಿಯಾಗಿ ನಿಂತಿರುವುದೂ ಇದರಿಂದಲೇ.

ನೆಲದೊಳಗಿನ ಕಾಂಡ ಹೆಚ್ಚಾಗಿ ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತದೆ. ಮರಳು ಮಣ್ಣಿನಲ್ಲಿ ಇನ್ನೂ ಕೆಳಗೆ ಇಳಿಯುತ್ತದೆ. ನಿಜವಾದ ಬೇರುಗಳು ಅದಕ್ಕಿಂತ ತುಂಬಾ ಆಳಕ್ಕೆ ಹೋಗುತ್ತವೆ. ಬರ ಬಿದ್ದಾಗ ಮಣ್ಣು ಬಿಟ್ಟುಕೊಟ್ಟರೆ ಒಂದೂವರೆ ಮೀಟರ್ ದಾಟುವುದೂ ಉಂಟು. ಈ ಅಂತರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಆಳದ ಬೇರು ನೀರು ಕುಡಿಯುವುದಕ್ಕೆ. ಅದರಿಂದ ಹೊಸ ಗಿಡ ಬರುವುದಿಲ್ಲ. ಹೊಸ ಗಿಡ ಬರುವುದು ಗೆಣ್ಣಿನಿಂದ ಮಾತ್ರ, ಆ ಗೆಣ್ಣುಗಳಲ್ಲಿ ಮುಕ್ಕಾಲು ಪಾಲು ನಮ್ಮ ಗುದ್ದಲಿಗೆ ಸಿಗುವ ಆಳದಲ್ಲೇ ಇವೆ.

ಈ ಒಳಗಿನ ಕಾಂಡವೇ ಗರಿಕೆಯ ಕಣಜ. ಎಲೆಗಳು ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಖರ್ಚಾಗಿ ಉಳಿದದ್ದು ಕೆಳಗಿಳಿದು ಪಿಷ್ಟವಾಗಿ ಇಲ್ಲಿ ಸೇರುತ್ತದೆ. ಬೇಸಿಗೆಯಲ್ಲಿ ಮೇಲಿನ ಎಲೆಯೆಲ್ಲ ಸುಟ್ಟು ಹೋದರೂ, ಬೆಂಕಿ ಬಿದ್ದರೂ, ಕುರಿ ನೆಲ ಕೆರೆದು ತಿಂದರೂ ಮುಂಗಾರಿನ ಮೊದಲ ಮಳೆಗೆ ಏಳುವುದು ಈ ದಾಸ್ತಾನಿನ ಬಲದಿಂದ.

ಬಿಸಿಲಿನ ಲೆಕ್ಕ

ಏಪ್ರಿಲ್ ಬಿಸಿಲಿಗೆ ತೋಟದ ಬಹಳಷ್ಟು ಗಿಡ ಬಾಡುತ್ತವೆ. ಅದೇ ಬಿಸಿಲಲ್ಲಿ ನೀರು ಬಿದ್ದ ಗರಿಕೆ ಹುಚ್ಚೆದ್ದು ಬೆಳೆಯುತ್ತದೆ. ಯಾಕೆ?

ಎಲೆಯೊಳಗೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಮಾಡುವ ಕೆಲಸ ರುಬಿಸ್ಕೋ ಎಂಬ ಕಿಣ್ವದ್ದು. ಭತ್ತ, ಗೋಧಿ, ಹುರುಳಿ, ಮಾವು, ಎಲ್ಲದರಲ್ಲೂ ಅದಿದೆ. ಆ ಕಿಣ್ವಕ್ಕೆ ಒಂದು ದೋಷ. ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಜಾಗದಲ್ಲಿ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಹಾಗಾದಾಗ ಗಿಡ ಆಗಲೇ ಸಂಪಾದಿಸಿದ್ದ ಇಂಗಾಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಸೆಕೆ ಏರಿದಷ್ಟೂ ಈ ತಪ್ಪು ಜಾಸ್ತಿ. ಬಿಸಿಲಿಗೆ ನೀರು ಉಳಿಸಲು ಎಲೆ ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಇನ್ನೂ ಕಡಿಮೆಯಾಗಿ ತಪ್ಪು ಇನ್ನಷ್ಟು ಹೆಚ್ಚುತ್ತದೆ.

ಗರಿಕೆಯ ಎಲೆಯಲ್ಲಿ ಇದಕ್ಕೆ ಒಂದು ಏರ್ಪಾಡು ಇದೆ. ಹೊರಗಿನ ಕೋಶಗಳಲ್ಲಿ ರುಬಿಸ್ಕೋಗೆ ಕೆಲಸವೇ ಇಲ್ಲ. ಅಲ್ಲಿ ಬೇರೊಂದು ಕಿಣ್ವ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ. ಅದು ಆಮ್ಲಜನಕಕ್ಕೆ ಮೋಸ ಹೋಗುವುದಿಲ್ಲ. ಹಿಡಿದದ್ದನ್ನು ನಾಲ್ಕು ಇಂಗಾಲದ ಆಮ್ಲವಾಗಿ ಮಾಡಿ ಒಳಕ್ಕೆ ಕಳಿಸುತ್ತದೆ. ಎಲೆಯ ನರದ ಸುತ್ತ ಉಂಗುರದಂತೆ ನಿಂತಿರುವ ದಪ್ಪ ಗೋಡೆಯ ಕೋಶಗಳಲ್ಲಿ ಅದು ಮತ್ತೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ರುಬಿಸ್ಕೋ ಇರುವುದು ಅಲ್ಲಿ. ಸುತ್ತಲೂ ಇಂಗಾಲದ ಡೈಆಕ್ಸೈಡ್ ದಟ್ಟವಾಗಿ ತುಂಬಿರುವುದರಿಂದ ಅದು ತಪ್ಪು ಮಾಡುವುದೇ ಕಡಿಮೆ. ನಾಲ್ಕು ಇಂಗಾಲದ ಆಮ್ಲದಿಂದ ಶುರುವಾಗುವ ಕಾರಣ ಇದಕ್ಕೆ ಸಿ-4 ದಾರಿ ಎನ್ನುತ್ತಾರೆ. ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಕಬ್ಬಿನ ಎಲೆಯಲ್ಲಿ ಇದನ್ನು ಬಿಡಿಸಿ ತೋರಿಸಿದರು.

ಕಬ್ಬು, ಜೋಳ, ಮೆಕ್ಕೆಜೋಳ, ಸಜ್ಜೆ, ರಾಗಿ, ಎಲ್ಲವೂ ಸಿ-4 ಬೆಳೆಗಳೇ. ಅದರಲ್ಲೂ ರಾಗಿ ಗರಿಕೆಗೆ ತೀರಾ ಹತ್ತಿರದ ನೆಂಟ. ಗರಿಕೆ ಹೂ ಬಿಟ್ಟಾಗ ನೋಡಿ. ಸಣ್ಣ ಕಡ್ಡಿಯ ತುದಿಯಲ್ಲಿ ಮೂರರಿಂದ ಏಳು ಬೆರಳು ಒಂದೇ ಕಡೆಯಿಂದ ಚಾಚಿಕೊಂಡಿರುತ್ತವೆ. ರಾಗಿ ತೆನೆಯ ಅಚ್ಚೇ ಅದು, ಅಲ್ವಾ? ಕಾಳು ಮಾತ್ರ ಧೂಳಿನಷ್ಟು ಸಣ್ಣದು. ಒಂದು ಕಿಲೋ ಬೀಜದಲ್ಲಿ 30 ಲಕ್ಷಕ್ಕೂ ಹೆಚ್ಚು ಕಾಳು ಇರುತ್ತವೆ.

ಸಿ-4 ದಾರಿಯಿಂದ ನೀರೂ ಉಳಿಯುತ್ತದೆ. ರಂಧ್ರಗಳನ್ನು ಪೂರ್ತಿ ತೆರೆಯದೆಯೇ ಬೇಕಾದಷ್ಟು ಇಂಗಾಲ ಸಿಗುವುದರಿಂದ, ಒಂದು ಗ್ರಾಂ ಒಣ ಮೇವು ಮಾಡಲು ಭತ್ತ ಗೋಧಿಯಂಥವು ಬಳಸುವ ನೀರಿನ ಸುಮಾರು ಅರ್ಧದಲ್ಲಿ ಇಂಥ ಹುಲ್ಲು ಕೆಲಸ ಮುಗಿಸುತ್ತದೆ. ಗರಿಕೆ ಚೆನ್ನಾಗಿ ಬೆಳೆಯುವುದು 27ರಿಂದ 35 ಡಿಗ್ರಿ ಸೆಲ್ಸಿಯಸ್‌ ಸೆಕೆಯಲ್ಲಿ. ಉಪ್ಪು ನೆಲದಲ್ಲೂ ಬದುಕುತ್ತದೆ. ಹೆಚ್ಚಾದ ಉಪ್ಪನ್ನು ಎಲೆಯ ಮೇಲಿನ ಸಣ್ಣ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ.

ಆದರೆ ಇಂಗಾಲವನ್ನು ಎರಡು ಸಲ ಹಿಡಿಯುವ ಈ ಏರ್ಪಾಡಿಗೆ ಹೆಚ್ಚು ಶಕ್ತಿ ಬೇಕು. ಬಿಸಿಲು ಧಾರಾಳವಾಗಿದ್ದರೆ ತೊಂದರೆ ಇಲ್ಲ. ನೆರಳಿನಲ್ಲಿ ಅದೇ ಹೊರೆಯಾಗುತ್ತದೆ. ಮಾವಿನ ಮರದ ಕೆಳಗೆ ಗರಿಕೆ ತೆಳ್ಳಗಾಗಿ, ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಬೆಳಕು ಹುಡುಕಿಕೊಂಡು ಮೇಲಕ್ಕೆ ಚಾಚುತ್ತದೆ. ಒಂದೆರಡು ವರ್ಷದಲ್ಲಿ ಮಾಯವಾಗುತ್ತದೆ. ಚಳಿಯೂ ಆಗದು. ರಾತ್ರಿ 10 ಡಿಗ್ರಿಯ ಹತ್ತಿರ ಇಳಿದರೆ ಬೆಳವಣಿಗೆ ನಿಂತು ಎಲೆ ಕಂದುತ್ತದೆ. ದೆಹಲಿಯ ಲಾನುಗಳು ಜನವರಿಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದು ಇದಕ್ಕೇ. ಬೆಂಗಳೂರಿನ ಚಳಿಗೆ ಅದು ನಿಧಾನವಾಗುತ್ತದೆ, ಆದರೆ ಹಸಿರು ಬಿಡುವುದಿಲ್ಲ.

ಕತ್ತರಿಸಿದರೆ ಯಾಕೆ ದಟ್ಟವಾಗುತ್ತದೆ

ಈ ಹುಲ್ಲಿನ ಮೂಲ ಆಫ್ರಿಕಾ ಎನ್ನುವವರೇ ಹೆಚ್ಚು. ಅಮೆರಿಕದವರು ಬರ್ಮುಡಾ ಹುಲ್ಲು ಎಂದರೂ ಅದು ಆ ದ್ವೀಪದಲ್ಲಿ ಹುಟ್ಟಿದ್ದಲ್ಲ. ದೊಡ್ಡ ದೊಡ್ಡ ಹಿಂಡುಗಳು ಮೇಯುವ ಬಯಲಿನಲ್ಲಿ ಬೆಳೆದ ಹುಲ್ಲಿಗೆ ಬಾಯಿಗೆ ಸಿಗದ ಹಾಗೆ ಜೀವ ಕಾಪಾಡಿಕೊಳ್ಳುವುದೇ ದೊಡ್ಡ ವಿದ್ಯೆ. ಎತ್ತರಕ್ಕೆ ಬೆಳೆಯುವ ಹುಲ್ಲುಗಳಲ್ಲಿ ಬೆಳೆಯುವ ತುದಿ ಕಾಂಡದ ಜೊತೆ ಮೇಲೇರುತ್ತದೆ. ದನ ಕಚ್ಚಿದರೆ ತುದಿಯೂ ಹೋಯಿತು. ಗರಿಕೆಯ ತುದಿಗಳಲ್ಲಿ ಹೆಚ್ಚಿನವು ನೆಲಕ್ಕೆ ಅಂಟಿಕೊಂಡೋ ನೆಲದೊಳಗೋ ಇರುತ್ತವೆ. ದನ ತಿನ್ನುವುದು ಎಲೆಯನ್ನು ಮತ್ತು ಮೇಲೆದ್ದ ಕೆಲವು ಚಿಗುರನ್ನು ಮಾತ್ರ.

ಮೇಲಿನ ಚಿಗುರು ಹೋದಾಗ ಎರಡು ಸಂಗತಿ ನಡೆಯುತ್ತವೆ. ತುದಿಯ ಚಿಗುರು ಪಕ್ಕದ ಮೊಗ್ಗುಗಳನ್ನು ತಡೆದು ಹಿಡಿದಿರುತ್ತದೆ. ಅದು ಹೋದರೆ ತಡೆಯೂ ಹೋಗುತ್ತದೆ. ಜೊತೆಗೆ ಬೆಳಕು ನೆಲದವರೆಗೂ ಇಳಿದು ಗೆಣ್ಣಿಗೆ ಬೀಳುತ್ತದೆ. ಮಲಗಿದ್ದ ಮೊಗ್ಗುಗಳು ಏಳುತ್ತವೆ. ಒಂದು ಚಿಗುರು ಇದ್ದಲ್ಲಿ ಮೂರು ಬರುತ್ತವೆ. ಲಾನ್ ಕತ್ತರಿಸುವ ಯಂತ್ರ ಮಾಡುವುದು ದನದ ಕೆಲಸವನ್ನೇ.

ಮನೆ ಮುಂದೆ ಗರಿಕೆ ಲಾನ್ ಮಾಡುವವರಿಗೆ ಇಲ್ಲಿಂದಲೇ ದಾರಿ ತಿಳಿಯುತ್ತದೆ. ನನ್ನ ಕೇಳಿದರೆ, ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಗರಿಕೆ ಹಾಕಲೇ ಬೇಡಿ. ಎಷ್ಟು ಗೊಬ್ಬರ ಸುರಿದರೂ ಅದು ನಿಲ್ಲುವುದಿಲ್ಲ. ಬಿಸಿಲಿದ್ದರೆ ಊರ ಗರಿಕೆಯೇ ಸಾಕು, ದುಬಾರಿ ಹುಲ್ಲಿನ ಚಾಪೆ ಬೇಕಿಲ್ಲ. ಗೆಣ್ಣಿರುವ ತುಂಡುಗಳನ್ನು ನಾಲ್ಕೈದು ಬೆರಳು ದೂರಕ್ಕೆ ಊರಿದರೆ ಮಳೆಗಾಲದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಹಳೆಯ ಮಾಲಿಗಳಿಗೆ ಇನ್ನೊಂದು ವಿಧಾನ ಗೊತ್ತು. ಗರಿಕೆಯನ್ನು ಸಣ್ಣಗೆ ಕತ್ತರಿಸಿ, ಸಗಣಿ ಮತ್ತು ಕೆಮ್ಮಣ್ಣಿನ ಜೊತೆ ನೀರು ಹಾಕಿ ಕಲಸಿ, ಹದ ಮಾಡಿದ ನೆಲದ ಮೇಲೆ ಒಂದಿಂಚು ದಪ್ಪಕ್ಕೆ ಬಳಿಯುತ್ತಾರೆ. ನೆಲ ಒಣಗದಂತೆ ನೀರು ಚಿಮುಕಿಸಿದರೆ ತುಂಡು ತುಂಡೂ ಚಿಗುರುತ್ತದೆ.

ಆಮೇಲೆ ಕತ್ತರಿಸುವುದು. ಒಂದು ಸಲಕ್ಕೆ ಎಲೆಯ ಎತ್ತರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆಯೆಲ್ಲ ಹೋದರೆ ಗಿಡ ದಾಸ್ತಾನಿಗೆ ಕೈ ಹಾಕಬೇಕಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಮ್ಮೆಗೇ ಬೋಳಿಸಿದರೆ ಕೆಳಗಿನ ಕಂದು ಕಡ್ಡಿಗಳೇ ಕಾಣುತ್ತವೆ. ಹುಲ್ಲು ಸತ್ತಿರುವುದಿಲ್ಲ, ಚೇತರಿಸಿಕೊಳ್ಳಲು ಸಮಯ ಬೇಕು ಅಷ್ಟೇ. ಮನೆಯ ಲಾನಿಗೆ ಒಂದರಿಂದ ಒಂದೂವರೆ ಇಂಚು ಎತ್ತರ ಹಿತ. ಸಾರಜನಕದ ಗೊಬ್ಬರ ಜಾಸ್ತಿ ಹಾಕಿದರೆ ಹಳೆಯ ಬಳ್ಳಿಗಳು ಕೊಳೆಯುವುದಕ್ಕಿಂತ ಬೇಗ ಹೊಸವು ಹಬ್ಬಿ, ನೆಲಕ್ಕೂ ಎಲೆಗೂ ನಡುವೆ ಸ್ಪಂಜಿನಂಥ ಪದರ ಕಟ್ಟಿಕೊಳ್ಳುತ್ತದೆ. ನೀರು ಅದರಲ್ಲೇ ನಿಂತು ಬೇರಿಗೆ ಇಳಿಯುವುದಿಲ್ಲ. ಕಾಲಿಟ್ಟರೆ ಮೆತ್ತಗೆ ಅನ್ನಿಸಿದರೆ ಖುಷಿಪಡುವ ಬದಲು ಬೆರಳಿನಿಂದ ಬಿಡಿಸಿ ನೋಡಿ. ಅರ್ಧ ಇಂಚಿಗಿಂತ ದಪ್ಪ ಇದ್ದರೆ ಹಲ್ಲುಕುಂಟೆಯಿಂದ ಕೆರೆದು ತೆಗೆಯಬೇಕು.

ಮನೆಯಲ್ಲಿ ಅಲರ್ಜಿಯಿಂದ ಸೀನುವವರಿದ್ದರೆ ಇನ್ನೊಂದು ಮಾತು. ಗರಿಕೆಯ ಪರಾಗ ಅಲರ್ಜಿ ತರುವ ಪರಾಗಗಳಲ್ಲಿ ಒಂದು. ಹೂ ಬಿಡಲು ಬಿಡದ ಹಾಗೆ ಕತ್ತರಿಸುತ್ತಿದ್ದರೆ ಪರಾಗವೂ ಕಡಿಮೆ.

ಕ್ರಿಕೆಟ್ ಪಿಚ್‌ನಲ್ಲೂ ನಮ್ಮಲ್ಲಿ ಗರಿಕೆಯೇ. ಅಲ್ಲಿ ಎಲೆಗಿಂತ ಬೇರಿನದು ದೊಡ್ಡ ಕೆಲಸ. ಜೇಡಿ ಹೆಚ್ಚಿರುವ ಮಣ್ಣು ಒಣಗಿದಾಗ ಬಿರಿಯುತ್ತದೆ. ಬೇರುಗಳ ಜಾಲ ಆ ಹೆಂಟೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಳದ ತೇವವನ್ನು ಸಮನಾಗಿ ಮೇಲೆಳೆದು ಒಣಗಿಸುತ್ತದೆ. ಪಂದ್ಯದ ದಿನ ಎಲೆಯನ್ನು ಪೂರ್ತಿ ಬೋಳಿಸಿದರೂ ಬೇರು ಒಳಗೆ ಹಾಗೇ ಇರುತ್ತದೆ. ವಿಂಬಲ್ಡನ್ನಿನ ಟೆನಿಸ್ ಅಂಗಳದಲ್ಲಿ ಇದು ನಡೆಯದು. ಅಲ್ಲಿನ ಬೇಸಿಗೆ ಗರಿಕೆಗೆ ಚಳಿಯೇ. ಹಾಗಾಗಿ 2001ರಿಂದ ಅಲ್ಲಿ ಪೂರ್ತಿ ರೈ ಹುಲ್ಲು ಬೆಳೆಸುತ್ತಾರೆ.

ಕಳೆಯನ್ನು ಮೇವು ಮಾಡಿದವರು

ಅಮೆರಿಕದ ದಕ್ಷಿಣದ ಹತ್ತಿ ಬೆಳೆಗಾರರಿಗೆ ಗರಿಕೆ ದೊಡ್ಡ ಶತ್ರು. ಅಂಥ ಜಾಗದಲ್ಲೇ, ಜಾರ್ಜಿಯಾದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ, ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ 1930ರ ದಶಕದಲ್ಲಿ ಈ ಕಳೆಯನ್ನೇ ಒಳ್ಳೆಯ ಮೇವಾಗಿಸಲು ಹೊರಟರು. ಹಳೆಯ ಹತ್ತಿ ಹೊಲದಲ್ಲಿ ಸಿಕ್ಕ ಒಂದು ಹುಲುಸಾದ ಗರಿಕೆಯನ್ನು ದಕ್ಷಿಣ ಆಫ್ರಿಕಾದಿಂದ ತಂದ ಗರಿಕೆಗಳ ಜೊತೆ ಸಂಕರ ಮಾಡಿದರು. ಸಾವಿರಾರು ಸಸಿಗಳಲ್ಲಿ ಆರಿಸಿ 1943ರಲ್ಲಿ ಕೋಸ್ಟಲ್ ಎಂಬ ತಳಿ ಕೊಟ್ಟರು. ಅದು ಬೀಜ ಕಟ್ಟುವುದು ತೀರಾ ಕಡಿಮೆ. ತುಂಡು ನೆಟ್ಟೇ ಬೆಳೆಸಬೇಕು. ಬೀಜ ಉದುರಿ ಪಕ್ಕದ ಹೊಲಕ್ಕೆ ಹೋಗುವ ಭಯ ಇಲ್ಲದ್ದರಿಂದ ರೈತರು ಧೈರ್ಯವಾಗಿ ನೆಟ್ಟರು. ಅಮೆರಿಕದ ದಕ್ಷಿಣದ ದನ ಸಾಕಣೆಯ ಚಿತ್ರವೇ ಬದಲಾಯಿತು.

ಮೈದಾನದ ಹುಲ್ಲುಗಳೂ ಅದೇ ಕೇಂದ್ರದಿಂದ ಬಂದವು. ಸಾಮಾನ್ಯ ಗರಿಕೆಯನ್ನು ದಕ್ಷಿಣ ಆಫ್ರಿಕಾದ ತೆಳು ಎಲೆಯ ಇನ್ನೊಂದು ಜಾತಿಯೊಡನೆ ಸಂಕರ ಮಾಡಿದರು. ಒಂದರಲ್ಲಿ 36 ವರ್ಣತಂತು, ಇನ್ನೊಂದರಲ್ಲಿ 18. ಹುಟ್ಟಿದ ಮರಿಯಲ್ಲಿ 27. ಬೆಸ ಸಂಖ್ಯೆಯಾದ್ದರಿಂದ ಜೋಡಿ ಕೂಡುವುದಿಲ್ಲ, ಬೀಜ ಆಗುವುದಿಲ್ಲ. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ಬಂದವು. ಟಿಫ್‌ವೇ 419 ಇವತ್ತಿಗೂ ಎಷ್ಟೋ ದೇಶಗಳ ಕ್ರೀಡಾಂಗಣಗಳಲ್ಲಿದೆ. ಬೀಜವೇ ಇಲ್ಲದ್ದರಿಂದ ಅವೆಲ್ಲವೂ ಒಂದೇ ಗಿಡದ ತುಂಡುಗಳು. ಖಂಡಗಳನ್ನು ದಾಟಿ ಹಬ್ಬಿದ ಒಂದೇ ಒಂದು ಗಿಡ. ಯೋಚಿಸಿದಷ್ಟೂ ಬೆರಗಾಗುತ್ತದೆ.

ಬರ್ಟನ್ ಅವರಿಗೂ ನಮ್ಮ ಹೊಲಕ್ಕೂ ನೇರ ನಂಟಿದೆ. ಅವರು ಸಜ್ಜೆಯಲ್ಲೂ ಕೆಲಸ ಮಾಡಿದವರು. ಟಿಫ್ಟನ್‌ನ ಟಿಫ್ಟ್ 23ಎ ಎಂಬ ಸಜ್ಜೆ ತಳಿಯನ್ನು ತಾಯಿಯಾಗಿ ಬಳಸಿಯೇ ಭಾರತದ ಮೊದಲ ಸಂಕರ ಸಜ್ಜೆ ಎಚ್‌ಬಿ-1 ಲೂಧಿಯಾನದಲ್ಲಿ ರೂಪುಗೊಂಡು 1965ರಲ್ಲಿ ಬಿಡುಗಡೆಯಾಯಿತು.

ಮೇವಿನ ವಿಷಯದಲ್ಲಿ ನೆನಪಿಡಬೇಕಾದ್ದು ವಯಸ್ಸು. ನಾಲ್ಕು ವಾರದ ಎಳೆಯ ಗರಿಕೆಗೆ ಗೊಬ್ಬರ ಬಿದ್ದಿದ್ದರೆ ಅದರ ಒಣ ತೂಕದಲ್ಲಿ ಪ್ರೋಟೀನು ಸುಮಾರು 12 ಶೇಕಡಾ ಅಥವಾ ಇನ್ನೂ ಹೆಚ್ಚು. ಬಲಿತು ಕಡ್ಡಿಯಾದರೆ ಅದು ಬೇಗ ಇಳಿಯುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ಮೇಯಿಸುವುದೇ ಲಾಭ. ಗೋಮಾಳದಲ್ಲಿ ಬೇರೆ ಹುಲ್ಲೆಲ್ಲ ಹೋಗಿ ಗರಿಕೆ ಮಾತ್ರ ಉಳಿದಿದ್ದರೆ, ಆ ಜಾಗವನ್ನು ಅತಿಯಾಗಿ ಮೇಯಿಸಿದ್ದಾರೆ ಎಂದೇ ಅರ್ಥ. ಎತ್ತರದ ಹುಲ್ಲುಗಳು ಸೋತಿವೆ, ನೆಲಕಚ್ಚಿದ್ದು ಉಳಿದಿದೆ. ಅಂಥ ಕಡೆ ಕೆಲವು ತಿಂಗಳು ಬೇಲಿ ಹಾಕಿ ಬಿಡುವುದು ಒಳ್ಳೆಯದು.

ಒಂದು ಎಚ್ಚರಿಕೆ. ಟಿಫ್ಟನ್ 85 ಎಂಬ ಮೇವಿನ ತಳಿ ಗರಿಕೆಯ ಕುಲದ ಸ್ಟಾರ್ ಹುಲ್ಲಿನ ರಕ್ತ ಸೇರಿದ ಸಂಕರ. 2012ರಲ್ಲಿ ಅಮೆರಿಕದ ಟೆಕ್ಸಸ್‌ನ ಎಲ್ಗಿನ್ ಹತ್ತಿರ ಬರದಿಂದ ಬಳಲಿದ್ದ ಹೊಲದಲ್ಲಿ ಅದನ್ನು ಮೇಯ್ದ 18 ದನಗಳಲ್ಲಿ 15 ಸತ್ತವು. ಕಾರಣ ಸಯನೈಡ್ ವಿಷ. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದು ನಮ್ಮ ರೈತರಿಗೆ ಗೊತ್ತೇ ಇದೆ. ಇದೂ ಅದೇ ಬಗೆ. ಆಗ ಸುದ್ದಿಯಲ್ಲಿ ಇದನ್ನು ಕುಲಾಂತರಿ ಹುಲ್ಲು ಅಂದುಬಿಟ್ಟರು. ಅದು ಸುಳ್ಳು, ಟಿಫ್ಟನ್ 85 ಮಾಮೂಲಿ ಸಂಕರ ತಳಿ. ಊರ ಗರಿಕೆಯಲ್ಲಿ ಈ ಅಪಾಯ ವಿರಳ. ಸ್ಟಾರ್ ಹುಲ್ಲು ಸೇರಿದ ತಳಿಗಳನ್ನು ಬೆಳೆಯುವವರು ಬರದಲ್ಲಿ ಬಾಡಿ ಮಳೆಗೆ ಮತ್ತೆ ಚಿಗುರಿದ ಎಳೆ ಹುಲ್ಲಿಗೆ ಹಸಿದ ದನಗಳನ್ನು ಬಿಡದಿದ್ದರೆ ಸಾಕು.

ಕರಕಿ ಹಿಡಿದ ಹೊಲ

ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕರಕಿ ಅನ್ನುತ್ತಾರೆ. ಹೊಳೆದಂಡೆಯ ಕರಕಿಯ ಕುಡಿಯ ಹಾಗೆ ತವರಿನ ಬಳ್ಳಿ ಹಬ್ಬಲಿ ಎಂದು ಹರಸುವ ಜನಪದ ತ್ರಿಪದಿ ಆ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿದೆ. ಅದೇ ಹೆಣ್ಣುಮಕ್ಕಳು ಎರೆಹೊಲದಲ್ಲಿ ಬಗ್ಗಿ ಕರಕಿ ಆರಿಸಿ ಸೊಂಟ ನೋಯಿಸಿಕೊಂಡವರೂ ಹೌದು. ಹರಕೆಯೂ ಕಷ್ಟವೂ ಒಂದೇ ಗುಣದಿಂದ ಬಂದವು. ಕಳೆಗಳ ತಜ್ಞ ಲೆರಾಯ್ ಹೋಲ್ಮ್ ಮತ್ತು ಸಂಗಡಿಗರು 1977ರಲ್ಲಿ ಜಗತ್ತಿನ ಕೆಟ್ಟ ಕಳೆಗಳನ್ನು ಸಾಲಾಗಿ ಇಟ್ಟಾಗ ಮೊದಲನೆಯದು ಕೊನ್ನಾರಿ ಗಡ್ಡೆ, ಎರಡನೆಯದು ಗರಿಕೆ.

ಮೊದಲು, ಮಾಡಬಾರದ್ದು. ತೇವ ಇರುವ ಹೊಲದಲ್ಲಿ ರೋಟವೇಟರ್ ಹೊಡೆಯಬೇಡಿ. ಅದು ಒಂದು ಕಾಂಡವನ್ನು ಹತ್ತು ತುಂಡು ಮಾಡುತ್ತದೆ. ಒಂದೊಂದು ತುಂಡಿನಲ್ಲೂ ಒಂದೆರಡು ಗೆಣ್ಣು, ಪ್ರತಿ ಗೆಣ್ಣಿಗೂ ತೇವದ ಮಣ್ಣು. ಲಾನಿಗೆ ತುಂಡು ನೆಡುವವರು ಕೈಯಾರೆ ಮಾಡುವುದನ್ನು ಯಂತ್ರ ಎಕರೆಗಟ್ಟಲೆ ಮಾಡಿಕೊಡುತ್ತದೆ. ಮೇಲುಮೇಲೆ ಕಿತ್ತು ಹೊಲದಲ್ಲೇ ಬಿಡುವುದೂ ಹಾಗೇ. ಒಂದು ಮಳೆ ಬಂದರೆ ಎಲ್ಲ ಮತ್ತೆ ಬೇರು ಬಿಡುತ್ತದೆ.

ಈಗ, ಮಾಡಬೇಕಾದ್ದು. ಹಿಂಗಾರಿ ಬೆಳೆ ಬಂದ ಮೇಲೆ, ಬಿಸಿಲು ಏರುವ ಹೊತ್ತಿಗೆ ಆಳವಾಗಿ ರೆಂಟೆ ಹೊಡೆಸಿ. ಕಾಂಡ ಇರುವುದು ಮೇಲಿನ ಅರ್ಧ ಅಡಿಯಲ್ಲಿ ಎಂದೆನಲ್ಲ, ಅದರ ಕೆಳಗಿನಿಂದ ಮಣ್ಣು ಮಗುಚಬೇಕು. ದೊಡ್ಡ ಹೆಂಟೆ ಎದ್ದರೆ ಒಡೆಯಲು ಅವಸರ ಮಾಡಬೇಡಿ. ಹೆಂಟೆಯೊಳಗೆ ಸಿಕ್ಕಿಕೊಂಡ ಕಾಂಡ ನೀರಿನಿಂದ ದೂರವಾಗಿ ಎರಡು ಮೂರು ತಿಂಗಳ ಬಿಸಿಲಿಗೆ ಒಣಗುತ್ತದೆ. ಗರಿಕೆಯ ಕಾಂಡ ತೇವ ಕಳೆದುಕೊಂಡರೆ ಸಾಯುತ್ತದೆ, ಆದರೆ ಪೂರ್ತಿ ಕಳೆದುಕೊಳ್ಳಬೇಕು. ಮುರಿದರೆ ಕಟಕ್ ಎಂದು ಮುರಿಯಬೇಕು. ಬಗ್ಗಿದರೆ ಒಳಗೆ ಜೀವ ಇದೆ. ಮುಂಗಾರಿಗೆ ಮುಂಚೆ ಕುಂಟೆ ಹೊಡೆದು, ಮೇಲೆ ಬಂದದ್ದನ್ನು ಆರಿಸಿ ಹೊಲದ ಹೊರಗೆ ಹಾಕಬೇಕು. ಕೈತೋಟದಂಥ ಸಣ್ಣ ಜಾಗವಾದರೆ ಬೇಸಿಗೆಯಲ್ಲಿ ನೀರು ಹಾಯಿಸಿ, ತಿಳಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಿದರೂ ಮೇಲುಪದರದ ಕಾಂಡಗಳು ಬೆಂದು ಹೋಗುತ್ತವೆ.

ಎಷ್ಟು ಮಾಡಿದರೂ ಸ್ವಲ್ಪ ಉಳಿಯುತ್ತದೆ. ಅದು ಚಿಗುರಿದಾಗ ಯಾವಾಗ ಹೊಡೆಯಬೇಕು ಎನ್ನುವುದು ನಿಮ್ಮ ಕೈಯಲ್ಲಿರುವುದು ಕುಡುಗೋಲೋ ಔಷಧವೋ ಅನ್ನುವುದರ ಮೇಲೆ ನಿಂತಿದೆ. ಕೆದಕಿ ತೆಗೆಯುವುದಾದರೆ ಎರಡು ಮೂರು ಎಲೆ ಬಂದ ತಕ್ಷಣ ತೆಗೆಯಿರಿ. ಆಗ ಗಿಡ ದಾಸ್ತಾನನ್ನು ಖರ್ಚು ಮಾಡಿದೆ, ಇನ್ನೂ ಏನನ್ನೂ ವಾಪಸ್ ತುಂಬಿಲ್ಲ. ಹೀಗೆ ಎರಡು ಮೂರು ವಾರಕ್ಕೊಮ್ಮೆ ಬಿಡದೆ ತೆಗೆದರೆ ಒಳಗಿನದು ಬರಿದಾಗುತ್ತದೆ. ನಡುವೆ ಒಂದು ತಿಂಗಳು ಬಿಟ್ಟರೆ ಮಾಡಿದ ಕೆಲಸ ಅಷ್ಟೂ ವ್ಯರ್ಥ. ಕಳೆನಾಶಕ ಬಳಸುವುದಾದರೆ ಲೆಕ್ಕ ತಿರುಗುಮುರುಗು. ಹುಲ್ಲು ಚೆನ್ನಾಗಿ ಹಸಿರಾಗಿ ಬೆಳೆದು, ಆಹಾರ ಕೆಳಗಿಳಿಯುತ್ತಿರುವ ಹೊತ್ತಿನಲ್ಲಿ ಸಿಂಪಡಿಸಿದರೆ ಮಾತ್ರ ಔಷಧವೂ ಅದರ ಜೊತೆ ಗೆಣ್ಣಿನವರೆಗೆ ಇಳಿಯುತ್ತದೆ. ಬಾಡಿದ ಹುಲ್ಲಿಗೆ ಸಿಂಪಡಿಸಿದರೆ ದುಡ್ಡು ದಂಡ, ಎಲೆ ಸುಟ್ಟು ಗೆಣ್ಣು ಉಳಿಯುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆಯಿಂದ ನಿರ್ಬಂಧಿಸಿದೆ. ಹಾಗಾಗಿ ಯಾವ ಔಷಧ, ಯಾವ ಬೆಳೆಗೆ, ಎಷ್ಟು ಅನ್ನುವುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ.

ನನಗೆ ಹೆಚ್ಚು ಇಷ್ಟವಾಗುವ ಅಸ್ತ್ರ ನೆರಳು. ಬಿಸಿಲಿಲ್ಲದೆ ಗರಿಕೆ ಬದುಕದು ಎನ್ನುವುದನ್ನು ರೈತ ಪುಕ್ಕಟೆಯಾಗಿ ಬಳಸಬಹುದು. ರೆಂಟೆ ಹೊಡೆದು ಆರಿಸಿದ ಹೊಲದಲ್ಲಿ ಮೊದಲ ಮಳೆಗೆ ಸೆಣಬು, ಅಲಸಂದೆ, ಹುರುಳಿಯಂಥ ಬೇಗ ನೆಲ ಮುಚ್ಚುವ ಬೆಳೆಯನ್ನು ಒತ್ತಾಗಿ ಬಿತ್ತಿ. ಉಳಿದ ಗೆಣ್ಣುಗಳು ಚಿಗುರಿದರೂ ಬೆಳಕು ಸಿಗದೆ ಸೊರಗುತ್ತವೆ, ದಾಸ್ತಾನು ತುಂಬುವುದಿಲ್ಲ. ಸಾಲಿನ ಅಂತರ ದೊಡ್ಡದಿರುವ ಬೆಳೆಯನ್ನು ಅದೇ ವರ್ಷ ಹಾಕಿದರೆ ಸಾಲಿನ ನಡುವಿನ ಬಿಸಿಲು ಕರಕಿಯ ಪಾಲಾಗುತ್ತದೆ.

ಬದುವಿನ ಮೇಲಿನ ಗರಿಕೆಯನ್ನು ಮಾತ್ರ ಕೆರೆಯಬೇಡಿ. ಕೆರೆ ಏರಿಯ ಮೇಲಿನದನ್ನೂ ಅಷ್ಟೇ. ಸ್ವಚ್ಛ ಮಾಡುವ ಹೆಸರಿನಲ್ಲಿ ಏರಿಯನ್ನು ಬೋಳಿಸಿದರೆ ಮುಂದಿನ ದೊಡ್ಡ ಮಳೆಗೆ ಮಣ್ಣು ಕೊರೆದು ಕೆರೆಗೇ ಇಳಿಯುತ್ತದೆ. ಬದುವಿನಿಂದ ಬಳ್ಳಿ ಹೊಲಕ್ಕೆ ಇಳಿಯುವುದು ನಿಜ. ಅದಕ್ಕೆ ಬದುವಿನ ಬುಡದಲ್ಲಿ ಒಂದು ಅಡಿ ಆಳದ ಸಣ್ಣ ಕಾಲುವೆ ತೆಗೆದು, ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ, ಅದನ್ನು ದಾಟಿ ಬಂದ ಬಳ್ಳಿಗಳನ್ನು ಕತ್ತರಿಸಿ ದನಕ್ಕೆ ಹಾಕಿ. ಕಾಲುವೆಯಲ್ಲಿ ಮಣ್ಣು ತುಂಬಿದ್ದರೆ ಅದೇ ದಿನ ತೆಗೆದುಬಿಡಿ. ತುಂಬಿದ ಮಣ್ಣೇ ಗರಿಕೆಗೆ ದಾಟುವ ಸೇತುವೆ.